ಹಸಿರು ರಟ್ಟಿನ ಥಿಯೋಕ್ರಿಟಸ್: ಒಂದು ವರ್ಷ ಜೊತೆಗಿಟ್ಟುಕೊಂಡು ಓದಿದ ಮೇಲೆ

ಕಳೆದ ವರ್ಷದ ಆಟಿ ತಿಂಗಳಲ್ಲಿ, ನೀರ್ಚಾಲಿನ ನಮ್ಮ ಮನೆಯ ಅಂಗಳಕ್ಕೆ ಇಳಿಯಲೂ ಆಗದಂತೆ ಮಳೆ ಹಿಡಿದಿದ್ದ ದಿನಗಳಲ್ಲಿ, ಕಾಸರಗೋಡು ಪೇಟೆಯ ಪುಸ್ತಕದಂಗಡಿಯೊಂದರ ಮೂಲಕ ತರಿಸಿದ್ದ ಗ್ರಂಥವೊಂದು ನನ್ನ ಕೈಸೇರಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನ ಸಂಸ್ಥೆ ಹೊರತರುವ ಲೋಬ್ ಕ್ಲಾಸಿಕಲ್ ಲೈಬ್ರರಿ ಮಾಲೆಯ 28ನೆಯ ಸಂಪುಟವಿದು. ಥಿಯೋಕ್ರಿಟಸ್, ಮೋಸ್ಕಸ್, ಬಿಯಾನ್ ಎಂಬ ಮೂವರು ಗ್ರೀಕ್ ಕವಿಗಳ ಪದ್ಯಗಳನ್ನು ನೀಲ್ ಹಾಪ್ಕಿನ್ಸನ್ ಸಂಪಾದಿಸಿ, ಇಂಗ್ಲಿಷಿಗೆ ಅನುವಾದಿಸಿ 2015ರಲ್ಲಿ ಪ್ರಕಟಿಸಿದ್ದಾರೆ. ಇದೇ ಮಾಲೆಯಲ್ಲಿ 1912ರಿಂದ ಓದುಗರ ಕೈಯಲ್ಲಿದ್ದ ಜೆ. ಎಂ. ಎಡ್ಮಂಡ್ಸ್ ಅವರ ಆವೃತ್ತಿಯ ಜಾಗಕ್ಕೆ ಈಗ ಇದು ಬಂದಿದೆ. ನಾನು ಕೊಟ್ಟ ಬೆಲೆ ಎರಡು ಸಾವಿರ ರೂಪಾಯಿಗಿಂತ ಮೇಲೆ. ಪಿಂಚಣಿಯಲ್ಲಿ ಬದುಕುವ ಕನ್ನಡ ಮಾಷ್ಟ್ರಿಗೆ ಅದು ಸಣ್ಣ ಮೊತ್ತವಲ್ಲ. ಆದ್ದರಿಂದ ಒಮ್ಮೆ ಓದಿ ಕಪಾಟಿಗೆ ಸೇರಿಸದೆ ವರ್ಷವಿಡೀ ಜೊತೆಗಿಟ್ಟುಕೊಂಡು ಓದಿ, ಅನಂತರ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಈ ಪುಸ್ತಕ ನನಗೆ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಮೂವತ್ತು ವರ್ಷ ಮಕ್ಕಳಿಗೆ ಗೋವಿನ ಹಾಡನ್ನು ಪಾಠ ಮಾಡಿದವನು ನಾನು. ಕಾಳಿಂಗನೆಂಬ ಗೊಲ್ಲ ಎಳೆಮಾವಿನ ಮರದ ಕೆಳಗೆ ಕುಳಿತು ಕೊಳಲನೂದುತ್ತ ತನ್ನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವ ಭಾಗ ಬಂದಾಗಲೆಲ್ಲ, ದನ ಕಾಯುವವನ ದನಿಯಲ್ಲಿ ಹಾಡು ಕಟ್ಟಬೇಕೆಂಬ ಈ ಆಸೆ ಜಗತ್ತಿನಲ್ಲಿ ಮೊದಲು ಎಲ್ಲಿ ಬರಹಕ್ಕೆ ಇಳಿಯಿತು ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತಿತ್ತು. ಯುರೋಪಿನ ಸಾಹಿತ್ಯ ಚರಿತ್ರೆಯನ್ನು ತೆರೆದರೆ ಗೋವಳಗೀತೆಯ ಮೂಲಪುರುಷನೆಂದು ಥಿಯೋಕ್ರಿಟಸನ ಹೆಸರು ಸಿಗುತ್ತದೆ, ಹೆಸರಿನ ಮುಂದೆ ಎರಡು ಸಾಲು ಇರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಗ್ರೀಕ್ ನಾಟಕಗಳನ್ನು ಬಿ. ಎಂ. ಶ್ರೀಕಂಠಯ್ಯನವರು ಅಶ್ವತ್ಥಾಮನ್, ಪಾರಸಿಕರು ಎಂಬ ಕೃತಿಗಳ ಮೂಲಕ ನಮ್ಮ ಮನೆಯಂಗಳಕ್ಕೆ ತಂದರು. ಗ್ರೀಕ್ ದನಗಾಹಿಗಳನ್ನು ಮಾತ್ರ ನಾನೇ ಹುಡುಕಿಕೊಂಡು ಹೋಗಬೇಕಾಯಿತು.

ಪುಸ್ತಕದ ರೂಪ ಸಣ್ಣದು, ಅಂಗಿಯ ದೊಡ್ಡ ಜೇಬಿನಲ್ಲಿ ಹಿಡಿಯುವಷ್ಟು. ಈ ಮಾಲೆಯಲ್ಲಿ ಗ್ರೀಕ್ ಗ್ರಂಥಗಳಿಗೆ ಹಸಿರು ರಟ್ಟು, ಲ್ಯಾಟಿನ್ ಗ್ರಂಥಗಳಿಗೆ ಕೆಂಪು ರಟ್ಟು ಎಂಬ ಕ್ರಮವಿದೆ. ತೆರೆದರೆ ಎಡಪುಟದಲ್ಲಿ ಗ್ರೀಕ್ ಮೂಲ, ಬಲಪುಟದಲ್ಲಿ ಅದಕ್ಕೆ ಸರಿಸಮನಾಗಿ ಇಂಗ್ಲಿಷ್ ಗದ್ಯ. ಥಿಯೋಕ್ರಿಟಸನ ಹೆಸರಿನಲ್ಲಿ ಉಳಿದುಬಂದ 30 ಪದ್ಯಗಳೂ ಇಲ್ಲಿವೆ; ಅವುಗಳನ್ನು ಐಡಿಲ್‌ಗಳೆಂದು ಕರೆಯುತ್ತಾರೆ. ಮೂಲದ ಐಡುಲ್ಲಿಯಾನ್ ಎಂಬ ಪದಕ್ಕೆ ಚಿಕ್ಕ ರಚನೆ, ಕಿರುಪದ್ಯ ಎಂಬಷ್ಟೇ ಅರ್ಥ. ಹಳ್ಳಿಯ ಸುಖ, ಹಸಿರು, ನೆಮ್ಮದಿ ಎಂಬ ಛಾಯೆಗಳೆಲ್ಲ ಅದಕ್ಕೆ ಆಮೇಲೆ ಅಂಟಿಕೊಂಡವು. ಮೂವತ್ತರಲ್ಲಿ ಎಲ್ಲವೂ ಅವನವಲ್ಲ, ಕೆಲವು ಅವನ ದಾರಿಯಲ್ಲಿ ನಡೆದ ಬೇರೆಯವರವು ಎಂಬುದು ವಿದ್ವಾಂಸರ ನಿರ್ಣಯ. ದನಗಾಹಿಗಳ ಪದ್ಯಗಳಂತೂ ಮೂವತ್ತರಲ್ಲಿ ಮೂರನೆಯ ಒಂದು ಪಾಲಿನಷ್ಟೇ. ಉಳಿದವುಗಳಲ್ಲಿ ರಾಜಸ್ತುತಿ ಇದೆ, ಪುರಾಣಕಥೆ ಇದೆ, ಕೈಬಿಟ್ಟು ಹೋದ ಪ್ರಿಯನನ್ನು ಮಂತ್ರಮಾಟದಿಂದ ಮರಳಿ ಸೆಳೆಯಲು ರಾತ್ರಿ ಹೊತ್ತು ಚಕ್ರ ತಿರುಗಿಸುತ್ತ ಕೂರುವ ಸಿಮೈಥಾ ಎಂಬ ಹೆಣ್ಣಿನ ಸಂಕಟವೂ ಇದೆ.

ಕವಿಯ ಬಾಳಿನ ಬಗ್ಗೆ ತಿಳಿದಿರುವುದು ಸ್ವಲ್ಪ. ಅವನು ಸಿಸಿಲಿ ದ್ವೀಪದ ಸಿರಾಕ್ಯೂಸಿನವನು, ಕ್ರಿ.ಪೂ. 3ನೆಯ ಶತಮಾನದ ಮೊದಲ ಭಾಗದಲ್ಲಿ ಬರೆದವನು. 16ನೆಯ ಪದ್ಯದಲ್ಲಿ ಸಿರಾಕ್ಯೂಸಿನ ನಾಯಕ ಹೈರೋನನ್ನು ಆಶ್ರಯಕ್ಕಾಗಿ ಹೊಗಳುತ್ತಾನೆ. 17ನೆಯದರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಎರಡನೆಯ ಟಾಲೆಮಿಯನ್ನು ಹೊಗಳುತ್ತಾನೆ. ಕೋಸ್ ಎಂಬ ದ್ವೀಪವನ್ನೂ ಅಲೆಕ್ಸಾಂಡ್ರಿಯಾ ನಗರವನ್ನೂ ಬಲ್ಲವನಾಗಿದ್ದನೆಂಬುದು ಪದ್ಯಗಳಿಂದಲೇ ಸ್ಪಷ್ಟವಾಗುತ್ತದೆ. ಆಗ ಅಲೆಕ್ಸಾಂಡ್ರಿಯಾ ಜಗತ್ತಿನ ದೊಡ್ಡ ಗ್ರಂಥಾಲಯವಿದ್ದ ಊರು. ಪಂಡಿತಕವಿ ಕ್ಯಾಲಿಮೇಕಸ್ ಅಲ್ಲಿ ಗ್ರಂಥಸೂಚಿ ಬರೆಯುತ್ತಿದ್ದ ಕಾಲ. ನನ್ನನ್ನು ಈ ವರ್ಷವಿಡೀ ಹಿಡಿದಿಟ್ಟ ಸಂಗತಿ ಇಲ್ಲಿಯೇ ಇದೆ. ಗೋವಳಗೀತೆ ಹುಲ್ಲುಗಾವಲಿನಲ್ಲಿ ಹುಟ್ಟಲಿಲ್ಲ. ಹುಲ್ಲುಗಾವಲನ್ನು ಹಿಂದೆ ಬಿಟ್ಟುಬಂದವನೊಬ್ಬ, ಓದುಬಲ್ಲ ನಗರದವರ ಎದುರಿಗೆ, ತನ್ನೂರಿನ ದಪ್ಪ ಉಚ್ಚಾರದ ಮಾತಿನಲ್ಲಿಯೇ ಅದನ್ನು ಕಟ್ಟಿದ. ಈ ಆವೃತ್ತಿಯ ಎಡಪುಟ ಆ ಮಾತನ್ನು ಕೇಳಿಸುತ್ತದೆ. ಬಲಪುಟ ಅದರ ಅರ್ಥವನ್ನು ಕೊಡುತ್ತದೆ, ದನಿಯನ್ನು ಕೊಡುವುದಿಲ್ಲ. ನನ್ನ ವಿಮರ್ಶೆಯ ತಿರುಳು ಇಷ್ಟೇ. ಆದರೆ ಇದನ್ನು ಮನಗಾಣಿಸಲು ಉದಾಹರಣೆಗಳನ್ನು ಬಿಡಿಸಿ ತೋರಿಸಬೇಕು.

ಗ್ರೀಕ್ ಲಿಪಿಯಲ್ಲಿರುವುದು 24 ಅಕ್ಷರ. ಕನ್ನಡ, ಮಲಯಾಳ ಎರಡನ್ನೂ ಓದುವ ನಮ್ಮ ಕಡೆಯವರಿಗೆ ಹೊಸ ಲಿಪಿಯೆಂದರೆ ಹೆದರಿಕೆಯಿಲ್ಲ. ಎರಡು ವಾರದಲ್ಲಿ ನಾನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವಷ್ಟಾದೆ. ಮೊದಲ ಪದ್ಯದ ಮೊದಲ ಸಾಲು ಹೀಗಿದೆ: ಹಾದು ತಿ ತೊ ಪ್ಸಿಥುರಿಸ್ಮ ಕೈ ಹಾ ಪಿತುಸ್, ಐಪೊಲೆ, ತೇನ. ಆಡು ಕಾಯುವವನೇ, ಚಿಲುಮೆಗಳ ಬಳಿ ನಿಂತ ಆ ಪೈನ್ ಮರದ ಪಿಸುಗುಟ್ಟುವಿಕೆ ಇಂಪು, ನಿನ್ನ ಕೊಳಲೂ ಇಂಪು ಎಂದು ಮಾತು ಮುಂದೆ ಸಾಗುತ್ತದೆ. ಪ್ಸಿಥುರಿಸ್ಮ ಎಂಬ ಪದವನ್ನು ಬಾಯಿಬಿಟ್ಟು ಹೇಳಿ ನೋಡಿ. ನಮ್ಮ ಪಿಸುಮಾತಿನ ಹಾಗೆ ಅದು ಅರ್ಥಕ್ಕೆ ಮೊದಲೇ ಕಿವಿಗೆ ತಲಪುತ್ತದೆ. ಪೈನ್ ಮರ ನಮ್ಮಲ್ಲಿಲ್ಲ. ಆದರೆ ಕಾಸರಗೋಡಿನ ಕಡಲ ಕರೆಯಲ್ಲಿ ಸಾಲಾಗಿ ನಿಂತ ಗಾಳಿಮರಗಳ ಕೆಳಗೆ ಒಂದು ಸಂಜೆ ಕುಳಿತವನಿಗೆ, ಸೂಜಿಯಂತಹ ಎಲೆಗಳ ನಡುವೆ ಗಾಳಿ ನುಸುಳುವಾಗ ಹೊರಡುವ ದನಿ ಯಾವುದೆಂದು ಯಾರೂ ವಿವರಿಸಬೇಕಾಗಿಲ್ಲ.

ಛಂದಸ್ಸನ್ನು ಪಾಠ ಮಾಡಿದವನಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಸಾಲಿನ ಬಂಧ ಹೋಮರನ ಮಹಾಕಾವ್ಯಗಳದ್ದೇ, ಆರು ಗಣಗಳ ಹೆಕ್ಸಾಮೀಟರ್. ಒಂದೊಂದು ಗಣವೂ ಒಂದು ಗುರು, ಎರಡು ಲಘು, ಅಂದರೆ ನಮ್ಮ ಭ ಗಣ. ಇಲ್ಲವೇ ಎರಡು ಗುರು. ಹೇಗೆ ಎಣಿಸಿದರೂ ನಾಲ್ಕು ಮಾತ್ರೆ. ಕಂದಪದ್ಯದ ಚತುರ್ಮಾತ್ರಾ ಗಣಗಳಲ್ಲಿ ಪಳಗಿದ ಕಿವಿಗೆ ಇದು ಅಪರಿಚಿತವೇ ಅಲ್ಲ. ಹಾದುತಿ, ತೊಪ್ಸಿಥು, ರಿಸ್ಮಕೈ, ಹಾಪಿತುಸ್, ಐಪೊಲೆ, ತೇನ ಎಂದು ಒಡೆದರೆ ಸಾಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಒತ್ತಕ್ಷರದ ಹಿಂದಿನ ಲಘು ಗುರುವಾಗುವುದು ನಮ್ಮಂತೆಯೇ. ಮೂರನೆಯ ಗಣದ ಕೈ ಎಂಬ ಅಕ್ಷರ ಮಾತ್ರ ಮುಂದೆ ಸ್ವರ ಬಂದದ್ದರಿಂದ (ಗ್ರೀಕಿನಲ್ಲಿ ಹಕಾರ ವ್ಯಂಜನದ ಲೆಕ್ಕಕ್ಕಿಲ್ಲ) ಲಘುವಾಗುತ್ತದೆ ಎಂಬ ಒಂದು ನಿಯಮವನ್ನು ಹೊಸದಾಗಿ ಕಲಿಯಬೇಕು. ನಾಲ್ಕನೆಯ ಗಣ ಮುಗಿಯುವಲ್ಲಿಯೇ ಪಿತುಸ್ ಎಂಬ ಪದವೂ ಮುಗಿದು, ಆಡು ಕಾಯುವವನೇ ಎಂಬ ಕರೆಗೆ ಮೊದಲು ಉಸಿರು ನಿಲ್ಲುತ್ತದೆ. ಹೀಗೆ ನಾಲ್ಕನೆಯ ಗಣದ ಕೊನೆಯಲ್ಲಿ ಪದ ಮುಗಿಯುವುದು ಥಿಯೋಕ್ರಿಟಸನ ದನಗಾಹಿ ಪದ್ಯಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ಛಂದಶ್ಶಾಸ್ತ್ರದಲ್ಲಿ ಆ ಯತಿಗೆ ಗೋವಳರ ಹೆಸರೇ ನಿಂತಿದೆ. ಟ್ರಾಯ್ ಯುದ್ಧವನ್ನು ಹೊತ್ತ ಛಂದಸ್ಸನ್ನು ಆಡು ಮೇಯಿಸುವವನ ಬಾಯಿಗೆ ಇಟ್ಟದ್ದು ದಿಟ್ಟ ಕೆಲಸ. ರಾಜಸಭೆಯ ಕಂದವನ್ನು ಹಟ್ಟಿಯಲ್ಲಿ ಹಾಡಿದಂತೆ.

ಪುಸ್ತಕದ ಅತ್ಯುತ್ತಮ ಭಾಗ ಇದೇ ಮೊದಲ ಪದ್ಯದೊಳಗಿದೆ. ಥಿರ್ಸಿಸ್ ಎಂಬವನು ಕೊಳಲು ನುಡಿಸೆಂದು ಕೇಳಿದಾಗ ಆಡುಗಾಹಿ ಒಪ್ಪುವುದಿಲ್ಲ. ನಡುಮಧ್ಯಾಹ್ನ ದನಗಾಹಿಗಳ ದೇವರು ಪಾನ್ ಬೇಟೆಯಿಂದ ದಣಿದು ಮಲಗುವ ಹೊತ್ತು, ಅವನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂಬುದು ಅವನ ಭಯ. ಮಧ್ಯಾಹ್ನದ ಹೊತ್ತು ಬನದ ಹತ್ತಿರ ಹೋಗಬೇಡಿ ಎಂದು ಅಜ್ಜಿ ಕರೆದು ಕೂರಿಸುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಈ ಸಾಲಿಗೆ ಟಿಪ್ಪಣಿ ಬೇಕಾಗಲಿಲ್ಲ. ತಾನು ನುಡಿಸುವ ಬದಲು ಥಿರ್ಸಿಸನೇ ಪುರಾಣದ ದನಗಾಹಿ ಡಾಫ್ನಿಸನ ಹಾಡು ಹಾಡಲಿ, ಹಾಡಿದರೆ ಅವಳಿ ಮರಿ ಹಾಕಿದ ಆಡನ್ನು ಮೂರು ಸಲ ಕರೆದುಕೊಳ್ಳಲು ಬಿಡುತ್ತೇನೆ, ಜೊತೆಗೆ ಒಂದು ಮರದ ಬಟ್ಟಲನ್ನೂ ಕೊಡುತ್ತೇನೆ ಎನ್ನುತ್ತಾನೆ. ಅದು ಎರಡು ಹಿಡಿಗಳಿರುವ, ಮೇಣ ಬಳಿದ, ಉಳಿಯ ವಾಸನೆ ಇನ್ನೂ ಆರದ ಹೊಸ ಬಟ್ಟಲು; ದೋಣಿಯವನೊಬ್ಬನಿಗೆ ಒಂದು ಆಡನ್ನೂ ದೊಡ್ಡದೊಂದು ಬಿಳಿ ಗಿಣ್ಣಿನ ಗಟ್ಟಿಯನ್ನೂ ಕೊಟ್ಟು ಕೊಂಡದ್ದು. ಬಟ್ಟಲಿನ ಮೇಲೆ ಮೂರು ಕೆತ್ತನೆಗಳಿವೆ. ಮೊದಲನೆಯದರಲ್ಲಿ ಇಬ್ಬರು ಗಂಡಸರು ಒಬ್ಬಳಿಗಾಗಿ ವಾದಕ್ಕೆ ನಿಂತಿದ್ದಾರೆ. ಅವಳು ಒಮ್ಮೆ ಇವನ ಕಡೆಗೆ, ಒಮ್ಮೆ ಅವನ ಕಡೆಗೆ ನಗುತ್ತಾಳೆ. ಎರಡನೆಯದರಲ್ಲಿ ಬಂಡೆಯ ಮೇಲೆ ನಿಂತ ಮುದಿ ಬೆಸ್ತನೊಬ್ಬ ಬೀಸಲೆಂದು ಬಲೆಯನ್ನು ಒಟ್ಟುಮಾಡುತ್ತಿದ್ದಾನೆ; ತಲೆ ನರೆತಿದ್ದರೂ ಕೊರಳ ನರಗಳು ಉಬ್ಬಿ ನಿಂತಿವೆ. ಮೂರನೆಯದರಲ್ಲಿ ಹಣ್ಣಾದ ದ್ರಾಕ್ಷಿತೋಟವನ್ನು ಕಾಯಲು ಕುಳಿತ ಸಣ್ಣ ಹುಡುಗ. ಒಂದು ನರಿ ಸಾಲುಗಳ ನಡುವೆ ಓಡಾಡಿ ಹಣ್ಣು ತಿನ್ನುತ್ತಿದೆ; ಇನ್ನೊಂದು ಅವನ ಬುತ್ತಿಯ ಚೀಲಕ್ಕೆ ಹೊಂಚು ಹಾಕಿದೆ. ಹುಡುಗ ಹುಲ್ಲಿನ ದಂಟುಗಳನ್ನು ಹೆಣೆದು ಮಿಡತೆಗೆ ಗೂಡು ಮಾಡುತ್ತಿದ್ದಾನೆ.

ಈ ಭಾಗವನ್ನು ಒಂದು ಸಂಜೆ ನೆರೆಮನೆಯ ಹಿರಿಯರೊಬ್ಬರಿಗೆ ಕನ್ನಡದಲ್ಲಿ ಹೇಳಿದೆ. ಎಂಟರ ಪ್ರಾಯದಲ್ಲಿ ದನ ಅಟ್ಟಿಕೊಂಡು ಪದವು, ಅಂದರೆ ಗುಡ್ಡದ ಮೇಲಿನ ಬಯಲು, ಹತ್ತಿದವರು ಅವರು. ಅವರ ಹಟ್ಟಿಯಲ್ಲಿ ಈಗಲೂ ಎರಡು ಕಾಸರಗೋಡು ಗಿಡ್ಡಗಳಿವೆ. ಮೂರನೆಯ ಕೆತ್ತನೆಗೆ ಬಂದಾಗ, ಪುಸ್ತಕದ ಮುಂದಿನ ಸಾಲನ್ನು ನಾನು ಬಿಡಿಸಿಕೊಳ್ಳುವ ಮೊದಲೇ, ಅವರು ಬಾಯಲ್ಲಿದ್ದ ವೀಳ್ಯವನ್ನು ಬದಿಗೆ ಸರಿಸಿ ಹೇಳಿದರು: “ಎರಡು ನರಿ ಬಂದದ್ದು ಆ ಹುಡುಗನಿಗೆ ಗೊತ್ತಾಗ್ಲಿಲ್ಲ ಅಂದ್ರೆ, ಗೂಡು ಚಂದ ಬರ್ತಾ ಇತ್ತು ಅಂತ ಲೆಕ್ಕ, ಮಾಷ್ಟ್ರೇ.” ತಾವೂ ತೆಂಗಿನ ಗರಿಯಲ್ಲಿ ಪೀಪಿ ಮಾಡುತ್ತ ಕುಳಿತಿದ್ದಾಗ ದನಗಳು ಯಾರದೋ ಬತ್ತದ ಗದ್ದೆಗೆ ನುಗ್ಗಿದ್ದನ್ನೂ, ಅದಕ್ಕಾಗಿ ತಂದೆಯಿಂದ ಬೆನ್ನಿಗೆ ಪೆಟ್ಟು ತಿಂದದ್ದನ್ನೂ ನೆನಪಿಸಿಕೊಂಡರು. ಅನಂತರ ಪುಸ್ತಕಕ್ಕೆ ಮರಳಿ ಮುಂದಿನ ಸಾಲನ್ನು ಓದಿದೆ. ಹುಡುಗನಿಗೆ ಬುತ್ತಿಯ ಬಗೆಗಾಗಲಿ ಬಳ್ಳಿಗಳ ಬಗೆಗಾಗಲಿ ಅಷ್ಟು ಗಮನವಿಲ್ಲ, ಹೆಣಿಗೆಯಲ್ಲೇ ಅವನ ಸಂತೋಷವೆಲ್ಲ ಎಂದು ಕವಿಯೇ ಬರೆದಿದ್ದಾನೆ. ಆ ಹುಡುಗ ಕವಿಯದೇ ಪ್ರತಿರೂಪವೆಂದು ವಿದ್ವಾಂಸರು ವ್ಯಾಖ್ಯಾನ ಮಾಡಿದ್ದಾರೆ. ನಮ್ಮ ಜಗಲಿಯಲ್ಲಿ ಆ ವ್ಯಾಖ್ಯಾನ ವೀಳ್ಯ ಜಗಿಯುತ್ತ ಬಂದಿತು.

ಗೋವಳಗೀತೆಯ ಹುಟ್ಟಿನ ಬಗ್ಗೆ ಪ್ರಾಚೀನರಲ್ಲೇ ಹಲವು ಕಥೆಗಳಿದ್ದವು. ಥಿಯೋಕ್ರಿಟಸನ ಹಳೆಯ ವ್ಯಾಖ್ಯಾನಗಳ ಪೀಠಿಕೆಯಲ್ಲಿ ಅವು ಉಳಿದಿವೆ. ಎಲ್ಲ ಕಥೆಗಳೂ ಆರ್ಟೆಮಿಸ್ ದೇವಿಯ ಆರಾಧನೆಗೆ ಬಂದು ಸೇರುತ್ತವೆ. ಪರ್ಷಿಯನರ ಯುದ್ಧಕಾಲದಲ್ಲಿ ಸ್ಪಾರ್ಟಾ ಸೀಮೆಯ ಕನ್ಯೆಯರು ಭಯದಿಂದ ಅಡಗಿದ್ದಾಗ, ದೇವಿಯ ಹಬ್ಬ ನಿಲ್ಲಬಾರದೆಂದು ದನಗಾಹಿಗಳು ಗುಡಿಗೆ ಬಂದು ತಮ್ಮದೇ ಹಾಡು ಹಾಡಿದರು ಎಂಬುದು ಒಂದು ಕಥೆ. ಸಿರಾಕ್ಯೂಸಿನ ಕಥೆ ನನಗೆ ಹೆಚ್ಚು ಹತ್ತಿರವಾಯಿತು. ಅಲ್ಲಿ ಹಳ್ಳಿಗರು ತಲೆಗೆ ಜಿಂಕೆಯ ಕೊಂಬು ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಪ್ರಾಣಿಗಳ ರೂಪ ಮೂಡಿಸಿದ ರೊಟ್ಟಿಯನ್ನೂ ಕಾಳುಗಳ ಚೀಲವನ್ನೂ ಹೊತ್ತು ಹಾಡಿನಲ್ಲಿ ಸ್ಪರ್ಧಿಸುತ್ತಿದ್ದರಂತೆ. ಸೋತವರು ಸುತ್ತಲಿನ ಊರುಗಳಿಗೆ ಹೋಗಿ, ಹೊಸ್ತಿಲುಗಳ ಮೇಲೆ ಕಾಳು ಚೆಲ್ಲಿ, ಮನೆಗೆ ಒಳ್ಳೆಯದಾಗಲಿ ಎಂದು ಹಾಡುತ್ತಿದ್ದರಂತೆ. ಪುಸ್ತಕ ಕೈಸೇರಿದ್ದು ಆಟಿಯಲ್ಲಿ ಎಂದೆನಲ್ಲ; ಅದೇ ತಿಂಗಳಲ್ಲಿ ಓಲೆಯ ಕೊಡೆ ಹಿಡಿದು ಮನೆಮನೆಗೆ ಬಂದು, ಊರಿನ ಮಾರಿಯನ್ನು ಕಳೆದು, ಅಕ್ಕಿ ತೆಂಗಿನಕಾಯಿ ಪಡೆದು ಹೋಗುವ ಆಟಿ ಕಳೆಂಜನನ್ನು ಕಂಡವರಿಗೆ ಈ ವಿವರ ಎಷ್ಟು ಸಹಜವೆನಿಸುತ್ತದೆ ಎಂದು ಹೇಳಬೇಕಾಗಿಲ್ಲ. ಒಂದರಿಂದ ಇನ್ನೊಂದು ಬಂತೆಂದು ನಾನು ವಾದಿಸುತ್ತಿಲ್ಲ. ಮನೆಯ ಹೊಸ್ತಿಲಿಗೆ ಹಾಡು ತಂದುಕೊಡುವ ವೃತ್ತಿ ಎರಡೂ ನೆಲಗಳಲ್ಲಿ ಇತ್ತು ಎಂಬಷ್ಟೇ ನನ್ನ ಮಾತು.

ಆದರೆ ಹಬ್ಬದ ಹಾಡು ಬೇರೆ, ಥಿಯೋಕ್ರಿಟಸನ ಪದ್ಯ ಬೇರೆ. ಗ್ರೀಕಿನಲ್ಲಿ ಬೂಕೊಲೋಸ್ ಎಂದರೆ ದನ ಕಾಯುವವನು. ಆ ನಾಮಪದದಿಂದ ಹುಟ್ಟಿದ ಕ್ರಿಯಾಪದವೊಂದು 7ನೆಯ ಪದ್ಯದಲ್ಲಿ ಬರುತ್ತದೆ, ಬಾ, ನಾವಿಬ್ಬರೂ ಗೋವಳಿಸೋಣ ಎಂಬಂತೆ. ಎದುರುಬದುರು ನಿಂತು ಒಬ್ಬನ ಪದಕ್ಕೆ ಇನ್ನೊಬ್ಬ ಅದೇ ಅಳತೆಯಲ್ಲಿ ಉತ್ತರ ಕಟ್ಟುವುದು ಅದರ ಕ್ರಮ. 5ನೆಯ ಪದ್ಯದಲ್ಲಿ ಕೊಮಾಟಸ್ ಮತ್ತು ಲಾಕೋನ್ ಎಂಬ ಇಬ್ಬರು ಮಂದೆಗಾಹಿಗಳು, ನೀನು ನನ್ನ ತೊಗಲು ಕದ್ದೆ, ನೀನು ನನ್ನ ಕೊಳಲು ಕದ್ದೆ ಎಂದು ಬೈದಾಡಿಕೊಂಡು, ಪಣ ಒಡ್ಡಿ, ಕಟ್ಟಿಗೆ ಕಡಿಯುತ್ತಿದ್ದವನೊಬ್ಬನನ್ನು ಕರೆದು ತೀರ್ಪಿಗೆ ಕೂರಿಸಿ ಹಾಡಿಗೆ ಇಳಿಯುತ್ತಾರೆ. ತಾಳಮದ್ದಳೆಯಲ್ಲಿ ಪಳಗಿದ ಇಬ್ಬರು ಅರ್ಥಧಾರಿಗಳು ಎದುರಾಳಿಯ ಕೊನೆಯ ಪದವನ್ನೇ ಹಿಡಿದೆತ್ತಿ ತಿರುಗಿಸಿ ಹೊಡೆಯುವುದನ್ನು ರಾತ್ರಿಯಿಡೀ ಕುಳಿತು ಕೇಳಿದ ಕುಂಬಳೆ ಸೀಮೆಯವರು ಈ ಪದ್ಯವನ್ನು ಕಾಲೇಜಿನ ಪ್ರಾಧ್ಯಾಪಕರಿಗಿಂತ ಬೇಗ ಹಿಡಿಯುತ್ತಾರೆ ಎಂಬುದು ನನ್ನ ನಂಬಿಕೆ.

ಗೋವಳಗೀತೆ ಎಂದೊಡನೆ ಅರ್ಕಾಡಿಯಾ ಎಂಬ ಕನಸಿನ ಸೀಮೆ, ಎಂದೂ ಬಾಡದ ಹುಲ್ಲು, ಕೆಲಸವಿಲ್ಲದ ಕುರುಬರು ಕಣ್ಣಿಗೆ ಬರುವುದುಂಟು. ಅದಕ್ಕೆ ಥಿಯೋಕ್ರಿಟಸ್ ಹೊಣೆಯಲ್ಲ. ಅವನ ದನಗಾಹಿಗಳು ಸಿಸಿಲಿಯವರು, ದಕ್ಷಿಣ ಇಟಲಿಯವರು, ಕೋಸ್ ದ್ವೀಪದವರು. ಅರ್ಕಾಡಿಯಾ ಕಾವ್ಯದ ಊರಾದದ್ದು ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ರೋಮಿನ ವರ್ಜಿಲ್ ತನ್ನ 10 ಗೋವಳಗೀತೆಗಳನ್ನು ಬರೆದಾಗ ಮತ್ತು ಅವನನ್ನು ಅನುಸರಿಸಿದವರ ಕೈಯಲ್ಲಿ. ಮೂಲಕವಿಯಲ್ಲಿ ದನಗಳಿಗೆ ಹಸಿವಿದೆ. 4ನೆಯ ಪದ್ಯದಲ್ಲಿ ಮಂದೆಯ ಒಡೆಯ ಒಲಿಂಪಿಯಾದ ಪಂದ್ಯಕ್ಕೆ ಹೋಗಿದ್ದಾನೆ. ಹಿಂದೆ ಉಳಿದ ದನಗಳು ಮೇವು ಬಿಟ್ಟು ಅವನಿಗಾಗಿ ಕೂಗುತ್ತಿವೆ. ಒಂದು ಕರುವಿಗೆ ಎಲುಬು ಮಾತ್ರ ಉಳಿದಿದೆ, ಅದು ಜೀರುಂಡೆಯ ಹಾಗೆ ಇಬ್ಬನಿ ಕುಡಿದು ಬದುಕುತ್ತದೆಯೇ ಎಂದು ಬ್ಯಾಟಸ್ ಎಂಬವನು ಕೇಳುತ್ತಾನೆ. ಅಷ್ಟರಲ್ಲಿ ಅವನ ಕಾಲಿಗೆ ಮುಳ್ಳು ಚುಚ್ಚುತ್ತದೆ. ಮಂದೆ ಕಾಯುತ್ತಿದ್ದ ಕೊರಿಡಾನ್ ಬಾಗಿ ಅದನ್ನು ಕಿತ್ತು ತೆಗೆದು, ಗುಡ್ಡಕ್ಕೆ ಬರುವಾಗ ಬರಿಗಾಲಲ್ಲಿ ಬರಬೇಡ, ಇಲ್ಲೆಲ್ಲ ಮುಳ್ಳಿನ ಪೊದೆಯೇ ಎನ್ನುತ್ತಾನೆ. ಆ ಮುಳ್ಳು ತೆಗೆಯುವ ಎರಡು ಸಾಲುಗಳಿಗಾಗಿ ನಾನು ಅವನ ರಾಜಸ್ತುತಿಯ ನೂರು ಸಾಲುಗಳನ್ನು ಬಿಟ್ಟುಕೊಡಬಲ್ಲೆ. ಮುರಕಲ್ಲಿನ ಪದವುಗಳ ಮೇಲೆ ಮುಳಿಹುಲ್ಲಿನ ನಡುವೆ ನಡೆದ ಬರಿಗಾಲುಗಳು ನಮ್ಮಲ್ಲಿ ಈಗ ಕಡಿಮೆ. ಎಷ್ಟೋ ಪದವುಗಳಲ್ಲಿ ರಬ್ಬರು ಎದ್ದಿದೆ. ಆ ನೋವನ್ನು ಬಲ್ಲ ಕಾಲಿರುವವರು ಇನ್ನೂ ಇರುವಾಗಲೇ ಈ ಪದ್ಯಗಳು ನಮ್ಮ ಮಾತಿಗೆ ಬರಬೇಕೆಂಬ ಆಸೆ ನನಗಿದೆ.

ವಾಸನೆಯ ವಿಷಯದಲ್ಲಿಯೂ ಅವನು ಇಷ್ಟೇ ನಿಖರ. 7ನೆಯ ಪದ್ಯದಲ್ಲಿ ಸುಗ್ಗಿಯ ಹಬ್ಬಕ್ಕೆ ಹೊರಟ ಸಿಮಿಕಿಡಾಸನಿಗೆ ದಾರಿಯಲ್ಲಿ ಲಿಕಿಡಾಸ್ ಎಂಬ ಆಡುಗಾಹಿ ಸಿಗುತ್ತಾನೆ. ಅವನ ಹೆಗಲ ಮೇಲಿನ ತೊಗಲಿನಿಂದ ಹೊಸ ಹೆಪ್ಪಿನ ವಾಸನೆ ಬರುತ್ತಿದೆ ಎಂಬ ಒಂದೇ ಮಾತಿನಿಂದ ಮನುಷ್ಯ ಎದುರಿಗೆ ಬಂದು ನಿಲ್ಲುತ್ತಾನೆ. ಪದ್ಯದ ಕೊನೆಯಲ್ಲಿ ನೀರು ಗುಹೆಯೊಳಗಿಂದ ಹರಿದುಬರುತ್ತದೆ, ಜೀರುಂಡೆಗಳು ಉರಿಬಿಸಿಲಿನಲ್ಲಿ ಕೂಗುತ್ತವೆ, ಹಣ್ಣುಗಳು ಕಾಲ ಬುಡಕ್ಕೆ ಉರುಳುತ್ತವೆ, ನಾಲ್ಕು ವರ್ಷದ ಹಿಂದೆ ಮುಚ್ಚಿದ ದ್ರಾಕ್ಷಾರಸದ ಜಾಡಿಯ ಮುದ್ರೆ ಒಡೆಯುತ್ತದೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಸಣ್ಣಗೆ ಹರಿದುಬರುವ ತಣ್ಣೀರನ್ನು ಕುಡಿದು ಬೆಳೆದ ನಮ್ಮ ಕಡೆಯವರು, ಬಂಡೆಯ ಮೇಲಿಂದ ಬೀಳುವ ನೀರಿಗಿಂತ ನಿನ್ನ ಹಾಡು ಸಿಹಿ ಎಂಬ ಅವನ ಹೋಲಿಕೆಯಲ್ಲಿ ಎಷ್ಟು ದೊಡ್ಡ ಹೊಗಳಿಕೆ ಇದೆ ಎಂಬುದನ್ನು ಬೇಗ ತಿಳಿಯುತ್ತಾರೆ.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಥಿಯೋಕ್ರಿಟಸ್ ಈ ಪದ್ಯಗಳನ್ನು ಬರೆದದ್ದು ಡೋರಿಯನರೆಂಬ ಗ್ರೀಕ್ ಪಂಗಡದವರ ಡೋರಿಕ್ ಉಪಭಾಷೆಯಲ್ಲಿ. ಅಥೆನ್ಸಿನವರು ಹೇದು ಎನ್ನುವಲ್ಲಿ ಇವನು ಹಾದು ಎನ್ನುತ್ತಾನೆ, ಅವರು ಪೇಗೈ ಎನ್ನುವ ಚಿಲುಮೆಯನ್ನು ಇವನು ಪಾಗೈ ಎನ್ನುತ್ತಾನೆ. ಬಾಯಿ ಅಗಲವಾಗಿ ತೆರೆದುಕೊಳ್ಳುವ ಆಕಾರವೇ ಅದರ ಗುರುತು. 15ನೆಯ ಪದ್ಯದಲ್ಲಿ ಇದೇ ಜಗಳದ ವಸ್ತುವಾಗುತ್ತದೆ. ಸಿರಾಕ್ಯೂಸಿನಿಂದ ಬಂದು ಅಲೆಕ್ಸಾಂಡ್ರಿಯಾದಲ್ಲಿ ನೆಲೆಸಿದ ಗೋರ್ಗೋ ಮತ್ತು ಪ್ರಾಕ್ಸಿನೋವಾ ಎಂಬ ಇಬ್ಬರು ಗೃಹಿಣಿಯರು ಪ್ರೇಮದೇವತೆಯ ಪ್ರಿಯನಾದ ಅಡೋನಿಸನ ಹಬ್ಬ ನೋಡಲು ಅರಮನೆಗೆ ಹೋಗುತ್ತಾರೆ. ಮಗುವನ್ನು ಸಮಾಧಾನ ಮಾಡಿ, ಗಂಡಂದಿರನ್ನು ಬೈದು, ಜನಜಂಗುಳಿಯಲ್ಲಿ ನುಗ್ಗಿ ಒಳಗೆ ತಲಪಿ, ಅಲ್ಲಿನ ನೇಯ್ಗೆಯನ್ನು ಕಂಡು ಬೆರಗಾಗಿ ಮಾತಾಡುತ್ತಿದ್ದಾಗ ಅಪರಿಚಿತನೊಬ್ಬ, ಸಾಕು ಮಾಡಿ, ಎಲ್ಲವನ್ನೂ ಅಗಲ ಬಾಯಿಯಲ್ಲಿ ಎಳೆದು ಎಳೆದು ತಲೆ ತಿನ್ನುತ್ತಿದ್ದೀರಿ ಎಂದು ಗದರುತ್ತಾನೆ. ಪ್ರಾಕ್ಸಿನೋವಾ ಸುಮ್ಮನಿರುವುದಿಲ್ಲ. ನೀನು ಎಲ್ಲಿಯವನು, ನಾವು ಮಾತಾಡಿದರೆ ನಿನಗೇನು, ನಾವು ಮೂಲತಃ ಕೊರಿಂತಿನವರು, ಡೋರಿಯನರು ಡೋರಿಕ್ ಮಾತಾಡಬಹುದಲ್ಲ ಎಂದು ಅವನ ಬಾಯಿ ಮುಚ್ಚಿಸುತ್ತಾಳೆ. ಸಿರಾಕ್ಯೂಸ್ ಕೊರಿಂತಿನವರು ಕ್ರಿ.ಪೂ. 8ನೆಯ ಶತಮಾನದಲ್ಲಿ ಕಟ್ಟಿದ ಊರು. ಹತ್ತಿರ ಹತ್ತಿರ ಐದು ಶತಮಾನ ಕಳೆದರೂ, ಇನ್ನೊಂದು ಖಂಡದ ನಗರದಲ್ಲಿ ನಿಂತರೂ, ಅವಳಿಗೆ ತನ್ನ ಮಾತಿನ ವಂಶಾವಳಿ ನೆನಪಿದೆ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದವನು ನಾನು. ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಹವ್ಯಕ ಮಾತು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ; ಬೆಂಗಳೂರಿನ ಸಭೆಗೆ ಹೋದರೆ ನಿಮ್ಮ ಕನ್ನಡ ಬೇರೆ ಥರ ಎಂಬ ಮಾತು. ಆದ್ದರಿಂದ ಈ ಸಾಲಿನ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಬಲಪುಟದ ಇಂಗ್ಲಿಷಿನಲ್ಲಿ ಆಕೆಯ ಮಾತಿನ ಅರ್ಥ ಪೂರ್ತಿಯಾಗಿ ಇದೆ. ಆದರೆ ಗದರುವವನೂ ಗದರಿಸಿಕೊಂಡವಳೂ ಅಲ್ಲಿ ಒಂದೇ ಬಗೆಯ ನಯವಾದ ಇಂಗ್ಲಿಷನ್ನು ಆಡುತ್ತಾರೆ. ಯಾವ ಉಚ್ಚಾರಕ್ಕಾಗಿ ಜಗಳ ಹತ್ತಿತೋ ಆ ಉಚ್ಚಾರವೇ ಕೇಳಿಸುವುದಿಲ್ಲ. ಒಂದು ಊರಿನ ಆಡುನುಡಿಯನ್ನು ಆರಿಸಿಕೊಂಡರೆ ಬೇರೆ ಊರಿನ ಓದುಗರಿಗೆ ಅಡ್ಡಿಯಾದೀತೆಂದು ಅನುವಾದಕರು ಈ ದಾರಿ ಹಿಡಿದಿರಬಹುದು. ಹಳೆಯ ಎಡ್ಮಂಡ್ಸ್ ಆವೃತ್ತಿಯ ಪುರಾತನ ಶೈಲಿಯ ಇಂಗ್ಲಿಷಿಗಿಂತ ಇದು ಸಾವಿರ ಪಾಲು ಓದಲು ಸುಲಭ ಎಂಬುದನ್ನೂ ಒಪ್ಪಬೇಕು. ಹಾಗಿದ್ದರೂ ನಷ್ಟ ನಷ್ಟವೇ. ಡೋರಿಕ್ ಈ ಪದ್ಯಗಳ ಅಲಂಕಾರವಲ್ಲ, ಅದೇ ಇವುಗಳ ಮೈ.

ಸಣ್ಣ ದೂರುಗಳೂ ಇವೆ. ಅಡಿಟಿಪ್ಪಣಿಗಳು ಚುಟುಕು, ಗಿಡ, ಹೂವು, ಊರುಗಳ ಹೆಸರು ರಾಶಿಯಾಗಿ ಬರುವ ಈ ಕವಿಗೆ ಅವು ಸಾಲುವುದಿಲ್ಲ. ಆಳವಾಗಿ ತಿಳಿಯಬೇಕಾದವರು ಎ. ಎಸ್. ಎಫ್. ಗೋ ಅವರ 1950ರ ಎರಡು ಸಂಪುಟಗಳ ಆವೃತ್ತಿಗೇ ಹೋಗಬೇಕು. ಗದ್ಯಾನುವಾದವಾದ್ದರಿಂದ, ಮೊದಲ ಪದ್ಯದಲ್ಲಿ ಹಾಡಿನ ದೇವಿಯರನ್ನು ಕರೆಯುವ, ಪ್ರಿಯ ಮ್ಯೂಸ್‌ಗಳೇ, ಗೋವಳರ ಹಾಡನ್ನು ಆರಂಭಿಸಿ ಎಂಬ ಪಲ್ಲವಿ ಮರಳಿ ಮರಳಿ ಬರುವಾಗ ಹುಟ್ಟುವ ತಾಳ ಬಲಪುಟದಲ್ಲಿ ಬರಿಯ ಪುನರುಕ್ತಿಯಂತೆ ಕಾಣುತ್ತದೆ. ತೆಳುವಾದ ಕಾಗದ ನಮ್ಮ ಮಳೆಗಾಲದ ತೇವಕ್ಕೆ ಅಲೆಯಲೆಯಾಗಿ ಏಳುತ್ತದೆ; ನಾನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಕಾಪಾಡಿದೆ. ಮೋಸ್ಕಸನ ಯೂರೋಪಾ, ಬಿಯಾನನ ಅಡೋನಿಸ್ ವಿಲಾಪ ಎರಡೂ ಚೆನ್ನಾಗಿವೆ, ಆದರೆ ಥಿಯೋಕ್ರಿಟಸನನ್ನು ಓದಿದ ಬಾಯಿಗೆ ಅವು ಸ್ವಲ್ಪ ಹೆಚ್ಚು ಸಕ್ಕರೆ ಬಿದ್ದ ಪಾಯಸ.

ಬೆಲೆಗೆ ತಕ್ಕ ಪುಸ್ತಕವೇ ಎಂದು ಕೇಳಿದರೆ, ಎಡಪುಟವನ್ನೂ ಗಟ್ಟಿಯಾಗಿ ಓದುತ್ತೇನೆ ಎನ್ನುವವರಿಗೆ ಸಂಶಯವಿಲ್ಲದೆ ಹೌದು. ಕಥೆ ತಿಳಿದರೆ ಸಾಕು ಎನ್ನುವವರು ಗ್ರಂಥಾಲಯದಿಂದ ತಂದು ಓದಬಹುದು. ಪುಟದ ಕ್ರಮದಲ್ಲಿ ಓದಬೇಕೆಂದಿಲ್ಲ. ಮೊದಲು 4ನೆಯದನ್ನು ಓದಿ, ಆಮೇಲೆ 1ನೆಯದು. ಒಕ್ಕಣ್ಣಿನ ದೈತ್ಯ ಪಾಲಿಫೀಮಸ್ ಕಡಲ ಕನ್ಯೆ ಗಲಾಟಿಯಾಳಿಗಾಗಿ ದಡದಲ್ಲಿ ಕುಳಿತು, ತನ್ನ ತಾಯಿ ತನ್ನನ್ನು ಕಿವಿರುಗಳೊಡನೆ ಹೆರಬಾರದಿತ್ತೇ ಎಂದು ಹಲುಬುವ 11ನೆಯದು ಆಮೇಲೆ ಬರಲಿ. ವೈದ್ಯನಾದ ಗೆಳೆಯ ನಿಕಿಯಾಸನಿಗೆ ಬರೆದ ಆ ಪದ್ಯದಲ್ಲಿ ಪ್ರೇಮಕ್ಕೆ ಹಾಡಲ್ಲದೆ ಬೇರೆ ಮದ್ದಿಲ್ಲ ಎಂದು ಕವಿ ಹೇಳುತ್ತಾನೆ. ಇಬ್ಬರು ಕೊಯ್ಲುಗಾರರ 10ನೆಯದನ್ನು ನಮ್ಮ ಕಡೆಯ ಹೆಂಗಸರು ನೇಜಿ ನೆಡುವಾಗ ಹಾಡುವ ಕಬಿತೆಗಳನ್ನು ಕೇಳಿದವರು ಬಿಡಬಾರದು. 15ನೆಯದನ್ನು ಕೊನೆಗೆ ಇಟ್ಟುಕೊಳ್ಳಿ. ನನ್ನ ಪ್ರತಿಯಲ್ಲಿ ಪ್ರಾಕ್ಸಿನೋವಾಳ ಉತ್ತರದ ಪಕ್ಕದ ಅಂಚಿನಲ್ಲಿ, ಬಲಪುಟ ಕೊಡದ ದನಿಗಾಗಿ ಹಲವು ದಿನ ತಡಕಾಡಿ, ಸೀಸದಕಡ್ಡಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ: “ನಮ್ಮ ಭಾಷೆ ನಾವು ಮಾತಾಡುದು, ನಿಮಗೆಂತ?”